ಹೊಳೆಬಯಲಿನ ಎರಡೆಲೆ

ಈ ವರ್ಷ ಶ್ರಾವಣದ ಕೊನೆಯ ಸೋಮವಾರ ನಮ್ಮ ಅಣ್ಣನ ಮನೆಯ ಹೆಣ್ಗರು ಕಪಿಲಾ ನದಿಯ ದಂಡೆಯಲ್ಲಿ ಸತ್ತಿತು. ಅದೇ ವಾರದ ಗುರುವಾರ ಮಧ್ಯಾಹ್ನ, ಕರು ತಿಂದದ್ದನ್ನೇ ನಮ್ಮ ಅತ್ತಿಗೆ ತಿಂದರು. ಆ ಗುರುವಾರ ಬೆಳಿಗ್ಗೆಯೇ ಊರಿನವರು ಆ ಗಿಡವನ್ನು ಮೇವಿನ ಬಯಲಿನಿಂದ ಕಿತ್ತುಹಾಕುವ ಕೆಲಸಕ್ಕೆ ಇಳಿದಿದ್ದರು. ಆ ಕೆಲಸಕ್ಕೆ ಹೆಂಗಸರನ್ನು ಒಟ್ಟುಗೂಡಿಸಿದವರು ಅತ್ತಿಗೆಯೇ.

ನಮ್ಮೂರು ನಂಜನಗೂಡಿನಿಂದ ಟಿ. ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ಹೊಳೆಗೆ ಆತುಕೊಂಡಿದೆ. ಊರಿಗೂ ನೀರಿಗೂ ನಡುವಿನ ತಗ್ಗನ್ನು ಹೊಳೆಬಯಲು ಅನ್ನುತ್ತೇವೆ. ಕಂದಾಯದವರ ಲೆಕ್ಕದಲ್ಲಿ ಅದು ಗೋಮಾಳ. ಊರಿನ ದನವೆಲ್ಲ ಮೇಯುವುದು ಅಲ್ಲಿಯೇ. ಮೇಲಿನ ಅಣೆಕಟ್ಟೆಯ ಬಾಗಿಲು ತೆರೆದಾಗ ಬಯಲು ಮುಳುಗುತ್ತದೆ, ನೀರಿಳಿದ ಮೇಲೆ ನುಣ್ಣನೆ ಮೆಕ್ಕಲು ಉಳಿಯುತ್ತದೆ. ಆ ಮೆಕ್ಕಲಿನ ಮೇಲೆ ಬರುವ ಮೊದಲ ಹಸಿರಿಗೆ ದನಗಳು ಹಗ್ಗ ಜಗ್ಗಿಕೊಂಡು ಓಡುತ್ತವೆ. ಒಂದು ತಿಂಗಳು ಒಣಹುಲ್ಲನ್ನೇ ತಿಂದ ಬಾಯಿ ಅವುಗಳದು.

ಹೊಳೆ ಮೆಕ್ಕಲನ್ನು ಮಾತ್ರ ತರುವುದಿಲ್ಲ. ಅಂಟುಮುಳ್ಳಿನ ಕಾಯಿಯನ್ನೂ ತರುತ್ತದೆ. ಕಡಲೆಕಾಯಿಗಿಂತ ಸಣ್ಣ ಕಾಯಿ, ಮೈತುಂಬ ಕೊಕ್ಕೆಯಂಥ ಮುಳ್ಳು. ದನದ ಬಾಲಕ್ಕೆ, ಕುರಿಯ ಕಿವಿಗೆ, ಸೀರೆಯ ಅಂಚಿಗೆ ಅಂಟಿಕೊಂಡರೆ ಬಿಡುವುದಿಲ್ಲ. ನೀರಿಗೆ ಬಿದ್ದರೆ ತೇಲುತ್ತದೆ. ಬೆಳೆದ ಗಿಡ ಸೊಂಟದೆತ್ತರ ಬರುತ್ತದೆ, ಎಲೆ ಅಗಲ, ಮುಟ್ಟಿದರೆ ಒರಟು. ದನ ಅದರ ಹತ್ತಿರ ಮೂಗು ತಂದು ವಾಪಸ್ ಹೋಗುತ್ತದೆ. ಹೀಗಾಗಿ ನಮ್ಮೂರಲ್ಲಿ ಯಾರಿಗೂ ಆ ಗಿಡದ ಮೇಲೆ ಸಿಟ್ಟಿತ್ತೇ ಹೊರತು ಭಯ ಇರಲಿಲ್ಲ. ಬಟ್ಟೆ ಒಗೆಯುವಾಗ ಬೈಯುತ್ತಿದ್ದೆವು, ಅಷ್ಟೆ.

ನಾನು ಮೈಸೂರಿನಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡುತ್ತೇನೆ. ಆ ವಾರ ರಜೆ ಹಾಕಿ ಊರಿಗೆ ಬಂದಿದ್ದೆ. ಸೋಮವಾರ ಬೆಳಿಗ್ಗೆ ನಾನೂ ಅತ್ತಿಗೆಯೂ ನಂಜನಗೂಡಿನ ದೇವಸ್ಥಾನಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಮಧ್ಯಾಹ್ನದ ಬಸ್ಸಿಗೆ ವಾಪಸಾದೆವು. ಬಸ್ಸಿಳಿದಾಗ ಡೇರಿಯ ಮುಂದೆ ಜನ ಇದ್ದರು. ಪಕ್ಕದ ಮನೆಯವರು ಅತ್ತಿಗೆಯ ಕೈಯಿಂದ ಪ್ರಸಾದದ ಚೀಲ ಈಸಿಕೊಂಡರು. ಅದನ್ನು ಈಸಿಕೊಂಡ ರೀತಿಯಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು.

ಕರು ಬಯಲಿನ ಅಂಚಿನಲ್ಲಿ ಮಲಗಿತ್ತು. ಆಗಿನ್ನೂ ಸತ್ತಿರಲಿಲ್ಲ. ಕುತ್ತಿಗೆ ಬೆನ್ನಿನ ಕಡೆಗೆ ತಿರುಚಿಕೊಂಡಿತ್ತು. ನಾಲ್ಕು ಕಾಲೂ ಗಾಳಿಯಲ್ಲಿ ಓಡುತ್ತಿದ್ದವು. ಕಣ್ಣು ತೆರೆದಿದ್ದರೂ ಅತ್ತಿಗೆ ಅದರ ಮುಂದೆ ಕೂತಾಗ ಅದಕ್ಕೆ ಗುರುತು ಸಿಗಲಿಲ್ಲ. ಹಾವು ಅಂದವರಿದ್ದರು, ಗಾಳಿ ಅಂದವರಿದ್ದರು. ಅಣ್ಣ ಬಾಯಿಗೆ ಬೆಲ್ಲದ ನೀರು ಹಾಕಲು ನೋಡಿದ, ಒಳಗೆ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ನಿಂತವು.

ದನದ ಡಾಕ್ಟರು ಬಂದು ಹೊಟ್ಟೆ ಕೊಯ್ದು ನೋಡಬೇಕೆಂದರು. "ನೀವು ಎಂಗಸ್ರು ಮನೇಗೋಗಿ, ಇದ್ನ ನೋಡಬ್ಯಾಡಿ" ಎಂದು ಅಣ್ಣ ಹೇಳಿದ. ಅತ್ತಿಗೆಯ ಜೊತೆ ನಾನು ಮನೆಗೆ ಬಂದೆ. ಆದ್ದರಿಂದ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ನಾನು ನೋಡಿಲ್ಲ. ಅಣ್ಣ ನೋಡಿದ್ದು ಇಷ್ಟು: ಅರೆದು ಮುದ್ದೆಯಾದ ಹಸಿರು, ಅದರ ನಡುವೆ ಅಂಟುಮುಳ್ಳಿನ ಟೊಳ್ಳು ಸಿಪ್ಪೆಗಳು.

ಡಾಕ್ಟರು ಕೈ ತೊಳೆಯಲು ಮನೆಗೆ ಬಂದರು. ಬೇರೆ ಸೀಮೆಯವರು, ನಮ್ಮ ಕಡೆಗೆ ಬಂದು ವರ್ಷ ತುಂಬಿಲ್ಲ. ಜಗಲಿಯ ಮೇಲೆ ನಿಂತು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಅಂಟುಮುಳ್ಳಿನ ಗಿಡ ತಿಂದಿದೆ. ಬಲಿತದ್ದರ ಭಯ ಇಲ್ಲ, ದನ ಅದನ್ನ ಮುಟ್ಟೋದಿಲ್ಲ. ಎಳೆಯದೇ ವಿಷ. ಎಳೆಯದನ್ನ ಒಂದೂ ಬಿಡದೆ ತೆಗೆಸಿ. ಅಲ್ಲಿಯವರೆಗೆ ಬಯಲಿಗೆ ದನ ಬಿಡಬೇಡಿ."

"ಇದಕ್ಕೆ ಮದ್ದು ಇಲ್ವಾ ಸಾ?" ಎಂದು ಅಣ್ಣ ಕೇಳಿದ.

"ಇದಕ್ಕೇ ಅಂತ ಇಲ್ಲ. ಬೇಗ ಗೊತ್ತಾದರೆ ಗ್ಲೂಕೋಸ್ ಹಾಕಿ ನೋಡಬಹುದು."

ಅಷ್ಟರಲ್ಲಿ ದೇವನೂರಿನಿಂದ ಅವರಿಗೆ ಇನ್ನೊಂದು ಕರೆ ಬಂತು. ಹೊರಟರು.

ಎಳೆಯದು ಎಂಬ ಮಾತು ಅಂದೇ ಸಂಜೆ ಡೇರಿಯ ಮೈಕಿನಲ್ಲಿ ಊರಿಗೆಲ್ಲ ಹೋಯಿತು. "ಒಳೆಬಯಲ್ನಲ್ಲಿ ಅಂಟ್ಮುಳ್ಳಿನ ಗಿಡ ಎಳೇದು ಇಸ ಅಂತೆ. ಯಾರೂ ದನ ಬಿಡಬ್ಯಾಡಿ. ಎಳೇದ್ನೆಲ್ಲ ಕಿತ್ತಾಕ್ಬೇಕು." ಎಲ್ಲರಿಗೂ ಅರ್ಥವಾಯಿತು. ಎಲ್ಲರಿಗೂ ಅರ್ಥವಾದದ್ದು ಒಂದೇ. ನಮ್ಮೂರಲ್ಲಿ ಎಳೇದು ಅಂದರೆ ಇನ್ನೂ ಹೂ ಕಟ್ಟದ್ದು, ಕಾಯಿ ಬಿಡದ್ದು. ಮೊಣಕಾಲುದ್ದ ಬೆಳೆದು, ಎಲೆ ಒರಟಾಗಿ, ಕಾಯಿ ಇಲ್ಲದಿದ್ದರೆ ಅದು ಎಳೇದು. ಮಣ್ಣಿನಿಂದ ಆಗಷ್ಟೇ ಎದ್ದು ನಿಂತ ಎರಡೆಲೆಗೆ ಯಾರೂ ಯಾವ ಹೆಸರನ್ನೂ ಕೊಟ್ಟಿರಲಿಲ್ಲ. ಅದು ಅಂಟುಮುಳ್ಳಿನದು ಎಂದೂ ಯಾರಿಗೂ ಗೊತ್ತಿರಲಿಲ್ಲ. ಎರಡೆಲೆಯ ಹೊತ್ತಿನಲ್ಲಿ ಅದಕ್ಕೆ ಮುಳ್ಳೂ ಇಲ್ಲ, ಒರಟೂ ಇಲ್ಲ. ನುಣ್ಣಗೆ, ಮಂದವಾಗಿ, ಹೊಳೆಯುತ್ತಾ ಇರುತ್ತದೆ.

ಮಂಗಳವಾರ, ಬುಧವಾರ ಊರಿನ ದನವೆಲ್ಲ ಕೊಟ್ಟಿಗೆಯಲ್ಲಿದ್ದವು. ಕೂಗು ನಿಲ್ಲಲಿಲ್ಲ. ಸತ್ತ ಕರುವಿನ ತಾಯಿ ಹಾಲು ಇಳಿಸಲಿಲ್ಲ. ಅತ್ತಿಗೆ ಕೊಟ್ಟಿಗೆಗೆ ಹೋಗಿ ಬಂದಾಗಲೆಲ್ಲ ಕೈಗೆ ಸಿಕ್ಕ ಹುಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹೊಲದ ಬದುವಿನಿಂದ ಕೊಯ್ದು ತಂದ ಹುಲ್ಲನ್ನೂ ಎಳೆ ಎಳೆಯಾಗಿ ಬಿಡಿಸಿ ಹಾಕಿದರು. ಒಂದು ದನ ಕೆಮ್ಮಿದರೆ ಇಡೀ ಬೀದಿ ಎದ್ದು ಬರುತ್ತಿತ್ತು. ನರಸೀಪುರದ ಕಡೆಯ ಒಂದು ಊರಲ್ಲಿ ಆಡು ಸತ್ತಿದೆ ಎಂಬ ಮಾತು ಬಸ್ಸಿನಲ್ಲಿ ಬಂತು. ಯಾವ ಊರು, ಯಾರ ಆಡು ಎಂದು ನಾನು ಫೋನ್ ಮಾಡಿ ಕೇಳಿದೆ. ಖಚಿತವಾಗಲಿಲ್ಲ. ಆದರೆ ಖಚಿತವಾಗದ ಮೇಲೆಯೂ ಆ ಮಾತು ಊರಿನಲ್ಲಿ ಓಡಾಡುತ್ತಲೇ ಇತ್ತು.

ಕಳೆನಾಶಕ ಹೊಡೆದುಬಿಡೋಣ ಎಂದು ಕೆಲವರು ಡೇರಿಯ ಮುಂದೆ ಹೇಳಿದರು. ಅಣ್ಣನಿಗೂ ಅದೇ ಸರಿ ಅನ್ನಿಸಿತ್ತು. ನಾನು ಡಾಕ್ಟರಿಗೆ ಫೋನ್ ಮಾಡಿ ಅಣ್ಣನ ಕೈಗೆ ಕೊಟ್ಟೆ. ಔಷಧಿ ಬಿದ್ದ ಗಿಡ ಬಾಡುತ್ತದೆ, ಬಾಡಿದ್ದು ದನಕ್ಕೆ ಇನ್ನೂ ರುಚಿಯಾಗುತ್ತದೆ, ಸತ್ತು ಒಣಗಿದ ಗಿಡದಲ್ಲೂ ವಿಷ ಹೋಗುವುದಿಲ್ಲ, ಜೊತೆಗೆ ಇರುವ ಹುಲ್ಲೂ ಹಾಳಾಗುತ್ತದೆ, ಪಕ್ಕದಲ್ಲೇ ಹೊಳೆ ಇದೆ ಎಂದು ಅವರು ಹೇಳಿದರು. ಕೈಯಲ್ಲಿ ಕಿತ್ತು, ಗುಂಡಿಗೆ ಹಾಕಿ ಮುಚ್ಚಬೇಕು. ಬಯಲಿನಲ್ಲಿ ಹುಲ್ಲು ದಟ್ಟವಾಗಿದ್ದರೆ ಅಂಟುಮುಳ್ಳು ಹುಟ್ಟುವುದೇ ಕಡಿಮೆ, ಹುಲ್ಲನ್ನು ಉಳಿಸಿಕೊಳ್ಳಿ ಎಂದರು.

ಫೋನಿಟ್ಟ ಅಣ್ಣ ಮನೆಯೊಳಗೆ ತಿರುಗಿ "ಕೈಯಲ್ಲೇ ಕೀಳ್ಬೇಕಂತೆ ಕಣೇ" ಅಂದ.

"ಕೀಳ್ತೀವಿ" ಎಂದರು ಅತ್ತಿಗೆ. "ಇನ್ನೊಂದು ಸಾಯೋವರ್ಗೂ ಕಾಯಾಕಾಯ್ತದಾ?"

ಬುಧವಾರ ಮಳೆ. ಗುರುವಾರ ಬೆಳಗಾಗುತ್ತಲೇ ಅತ್ತಿಗೆ ಬೀದಿಯ ಹೆಂಗಸರನ್ನೆಲ್ಲ ಕೂಗಿ ಎಬ್ಬಿಸಿದರು. ಬಾಯಿಗೆ ಏನೂ ಹಾಕಿಕೊಳ್ಳದೆ ಹೊರಟರು. ನಾನೂ ಹೋದೆ. ಮೆಕ್ಕಲು ಕಾಲು ಕಚ್ಚುತ್ತಿತ್ತು. ದಡದ ಏರಿಯಲ್ಲಿ ನೆರೆ ಮುಟ್ಟದ ಜಾಗದಲ್ಲಿ ಮೊಣಕಾಲುದ್ದದ ಗಿಡಗಳು ನಿಂತಿದ್ದವು. ಹೆಂಗಸರು ಸಾಲಾಗಿ ಬಗ್ಗಿ ಅವನ್ನು ಬೇರುಸಹಿತ ಕಿತ್ತರು. ಕಿತ್ತದ್ದನ್ನೆಲ್ಲ ಗೋಣಿತಾಟಿನ ಮೇಲೆ ರಾಶಿ ಹಾಕಿದರು. ಅವರ ಕಾಲ ಕೆಳಗೆ, ಮೆಕ್ಕಲಿನ ಮೇಲೆ, ಎರಡೆಲೆ ಹಾಸಿಕೊಂಡಿತ್ತು. ಅದನ್ನು ತುಳಿದುಕೊಂಡೇ ನಾವು ಮುಂದೆ ಹೋದೆವು.

ಗಂಡಸರು ಏರಿಯ ಮೇಲೆ ನಿಂತಿದ್ದರು. ಸಾಲಿನಲ್ಲಿದ್ದ ಒಬ್ಬಾಕೆ ನೆಟ್ಟಗಾಗಿ ಸೊಂಟದ ಮೇಲೆ ಕೈ ಇಟ್ಟಳು.

"ಏನ್ರಪ್ಪೋ, ಅಲ್ಲಿ ನಿಂತ್ಕಂಡು ಏನ್ ಮಾಡ್ತಿದೀರಿ?"

"ದನ ಬರ್ದಂಗೆ ಕಾಯ್ತಿದೀವಿ ಕಣಮ್ಮಿ."

"ದನ ಎಲ್ಲ ಕೊಟ್ಗೇಲವೆ. ಇಲ್ಲಿರೋರು ನಾವೇಯ. ನಮ್ಮುನ್ ಕಾಯ್ತಿದೀರಾ?"

ಎಲ್ಲರೂ ನಕ್ಕರು. ಮೂರು ದಿನಗಳಲ್ಲಿ ಊರು ನಕ್ಕದ್ದು ಅದೇ ಮೊದಲು.

ರಾಶಿ ದೊಡ್ಡದಾದಾಗ ಒಬ್ಬ ಮುದುಕಿ ಅದನ್ನು ಹೊಳೆಗೆ ಬಿಡಿ ಎಂದಳು. ಬೇಡದ್ದನ್ನೆಲ್ಲ ಹೊಳೆಗೆ ಬಿಡುವುದು ನಮ್ಮ ಕಡೆಯ ರೂಢಿ. ಅತ್ತಿಗೆಯ ತವರು ನರಸೀಪುರದ ಹತ್ತಿರ, ಇದೇ ಹೊಳೆಯ ಕೆಳಗಿನ ದಂಡೆಯಲ್ಲಿದೆ.

"ಬಿಡಿ ಬಿಡಿ" ಎಂದರು ಅತ್ತಿಗೆ. "ನೆಟ್ಟಗೆ ನನ್ ತವರಿಗೇ ಓಯ್ತದೆ. ನಮ್ಮಣ್ಣ ಬಾಗ್ನ ಕಳ್ಸವ್ಳೆ ತಂಗಿ ಅಂತ ಮಡಿಕತಾನೆ."

ಗುಂಡಿ ತೋಡಿದ್ದು ಗಂಡಸರು. ಹೂತದ್ದೂ ಅವರೇ.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಕಡೆ ಕಳೆ ಕೀಳಲು ಹೋದ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಲು ಕಟ್ಟಿಕೊಳ್ಳುತ್ತಾರೆ. ಎಡಗೈ ಕಳೆ ಕೀಳುತ್ತಿದ್ದರೆ ಬಲಗೈ ಸೊಪ್ಪು ಕೀಳುತ್ತಿರುತ್ತದೆ. ಅಣ್ಣೆ, ಕೀರೆ, ಹೊನಗೊನೆ, ಗೋಣಿ ಸೊಪ್ಪು, ಹೆಸರು ಗೊತ್ತಿಲ್ಲದ ಇನ್ನಷ್ಟು ಎಲೆ. ಎಲ್ಲ ಸೇರಿದರೆ ಬೆರಕೆ ಸೊಪ್ಪು. ಅದನ್ನು ಬೇಯಿಸಿ ಬಸಿದ ನೀರೇ ಕಟ್ಟು, ಅದಕ್ಕೆ ಉಪ್ಪು, ಖಾರ ಹಾಕಿದರೆ ಉಪ್ಸಾರು. ಮಳೆಗಾಲದಲ್ಲಿ ರಾಗಿ ಮುದ್ದೆಗೆ ಅದಕ್ಕಿಂತ ಹೊಂದುವ ಸಾರು ನಮ್ಮವರಿಗೆ ಇನ್ನೊಂದಿಲ್ಲ. ಅಂದು ಬಯಲಿನಲ್ಲಿ ಅತ್ತಿಗೆ ಸೊಪ್ಪು ಕಿತ್ತದ್ದನ್ನು ನಾನು ನೋಡಿದೆ. ಅದರಲ್ಲಿ ಗಮನಿಸುವಂಥದ್ದೇನೂ ಇರಲಿಲ್ಲ. ಇನ್ನೂ ಕೆಲವರು ಕೀಳುತ್ತಿದ್ದರು.

ಮನೆಗೆ ಬಂದು ಅತ್ತಿಗೆ ಮಡಿಲನ್ನು ಮೊರಕ್ಕೆ ಸುರಿದರು. ಅವ್ವ ಮೊರವನ್ನು ಎಳೆದುಕೊಂಡು ಸೊಪ್ಪು ಬಿಡಿಸಲು ಕೂತಳು. ಅವ್ವನಿಗೆ ಕಣ್ಣು ಮಂಜು, ಬೆರಳಿನಲ್ಲೇ ನೋಡುತ್ತಾಳೆ.

"ಇದ್ಯಾವ್ದಮ್ಮಿ, ಇಷ್ಟು ಮಂದ?"

"ಗೋಣಿ ಸೊಪ್ಪು ಕಣತ್ತೆ. ಮೆಕ್ಕಲಿಗೆ ಕೊಬ್ಬದೆ."

"ಗೋಣಿ ಇಷ್ಟುದ್ದ ಇರ್ತದಾ?"

"ನೀವು ಎಳೇದು ನೋಡಿಲ್ಲ ಅಷ್ಟೆಯ."

ಅವ್ವ ಒಂದೆಲೆ ಮೂಸಿದಳು. ವಾಸನೆ ಬರಲಿಲ್ಲವೋ ಏನೋ, ಮೊರಕ್ಕೆ ಹಾಕಿದಳು.

ಅಣ್ಣ ಗುಂಡಿ ಮುಚ್ಚುವ ಕೆಲಸದಲ್ಲಿ ಬಯಲಿನಲ್ಲೇ ಉಳಿದಿದ್ದ. ಅವ್ವನಿಗೆ ಆ ವಾರ ಹೊಟ್ಟೆ ಸರಿ ಇರಲಿಲ್ಲ, ಮೊಸರನ್ನ ಉಂಡಳು. ನಾನು ಅರ್ಧ ಮುದ್ದೆಯನ್ನು ಉಪ್ಸಾರಿನಲ್ಲಿ ಅದ್ದಿ ಉಂಡೆ. ಬೆಂದ ಸೊಪ್ಪನ್ನು ಹಾಕಿಸಿಕೊಳ್ಳಲಿಲ್ಲ. ಅತ್ತಿಗೆ ಹಸಿದಿದ್ದರು. ಮುದ್ದೆ ಮುಗಿಸಿ, ಸೊಪ್ಪನ್ನು ಬಳಿದು ತಿಂದು, ಉಳಿದ ಕಟ್ಟಿಗೆ ನಿಂಬೆಹಣ್ಣು ಹಿಂಡಿ ಲೋಟದಲ್ಲಿ ಕುಡಿದರು. ಹೊಲದಿಂದ ಬಂದ ದಿನ ಅವರು ಯಾವಾಗಲೂ ಹಾಗೆಯೇ ಕುಡಿಯುವುದು.

ಆಮೇಲೆ ಜಗಲಿಯ ಮೇಲೆ ಮಲಗಿದರು. ಅತ್ತಿಗೆ ಹಗಲು ಮಲಗುವವರಲ್ಲ. ದಣಿದಿದ್ದಾರೆ ಎಂದುಕೊಂಡೆವು. ಹಾಲು ಕರೆಯುವ ಹೊತ್ತಾದರೂ ಏಳಲಿಲ್ಲ. ಕರೆದಾಗ ಎದ್ದು ಕೂತು ಅಂಗಳಕ್ಕೆ ವಾಂತಿ ಮಾಡಿದರು. ಮತ್ತೆ ಮಾಡಿದರು. ನಾನು ತಲೆ ಹಿಡಿದುಕೊಂಡೆ. ಹಣೆಯಿಂದ ಬೆವರು ಸುರಿಯುತ್ತಿತ್ತು. ಕೈ ತಣ್ಣಗಿತ್ತು.

"ಬಿಸ್ಲು ಒಡ್ದದೆ" ಎಂದಳು ಅವ್ವ. ಅಂದು ಬಿಸಿಲೇ ಇರಲಿಲ್ಲ.

ಅತ್ತಿಗೆ ಗೋಡೆಗೆ ಒರಗಿ ನನ್ನನ್ನು ನೋಡಿದರು. ನನ್ನನ್ನು ಎನ್ನುವುದಕ್ಕಿಂತ ನನ್ನ ಪಕ್ಕದಲ್ಲೆಲ್ಲೋ ನೋಡಿದರು. "ಕರೀಗೆ ನೀರಿಟ್ಯೇನವ್ವ?" ಎಂದು ಕೇಳಿದರು. ಕರಿ ಅಂದರೆ ಸತ್ತ ಕರು. ನಾನು ಅವರ ಬಾಯಿ ಒರೆಸಿದೆ. ಮತ್ತೆ ಕೇಳಿದರು. ಮೂರನೆಯ ಸಲ ಕೇಳುವಾಗ ಮಾತು ಅರ್ಧಕ್ಕೆ ನಿಂತಿತು.

ಅವ್ವ ಒಳಗಿನಿಂದ ನೀರು ತರಲು ಎದ್ದಳು. ಬಾಗಿಲಲ್ಲಿ ನಿಂತಳು. ಸೆರಗಿನ ಅಂಚನ್ನು ಬೆರಳಿನಿಂದ ತಡವುತ್ತಿದ್ದಳು.

"ಇದೆಲ್ಲಿಂದ ಬಂತು?"

ಅಂಟುಮುಳ್ಳಿನ ಕಾಯಿಯ ಸಿಪ್ಪೆ. ಒಡೆದದ್ದು, ಟೊಳ್ಳು. ಕೊಕ್ಕೆ ಸೆರಗಿಗೆ ಕಚ್ಚಿಕೊಂಡಿತ್ತು.

"ನಾನು ಒಳೆ ತಾವ್ಕೆ ಓಗೇ ಇಲ್ವಲ್ಲ" ಎಂದಳು ಅವ್ವ. "ಸೊಪ್ಪು ಬಿಡಿಸ್ದೆ, ಅಷ್ಟೇಯ."

ಅಡುಗೆಮನೆಯ ಮೂಲೆಯಲ್ಲಿ ಮೊರ ಹಾಗೆಯೇ ಇತ್ತು. ಬೇರು, ಕಡ್ಡಿ, ಹಣ್ಣೆಲೆ. ನಾನು ಬೇರುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಕೆಲವು ಬೇರುಗಳ ತುದಿಯಲ್ಲಿ ಅದೇ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಮಂದ ಎಲೆ ಆ ಮುಳ್ಳುಕಾಯಿಯೊಳಗಿಂದ ಎದ್ದು ಬಂದಿತ್ತು. ಕರುವಿನ ಹೊಟ್ಟೆಯಲ್ಲಿ ಸಿಪ್ಪೆಗಳಿದ್ದವು ಎಂದು ಅಣ್ಣ ಹೇಳಿದ್ದರ ಅರ್ಥ ಆಗ ಆಯಿತು.

ಡಾಕ್ಟರಿಗೆ ಫೋನ್ ಮಾಡಿದೆ. "ಎರಡೆಲೆ ಇದೆ, ಉದ್ದ, ಮಂದ, ನುಣುಪು. ಬೇರಲ್ಲಿ ಮುಳ್ಳುಕಾಯಿ. ಇದೇನಾ?"

"ಅದೇ. ಎಳೆಯದು ಅಂತ ನಾನು ಹೇಳಿದ್ದು ಅದನ್ನೇ. ಯಾವ ದನ ತಿಂತು?"

ಯಾರು ಎಂದು ಹೇಳಿದೆ. "ಈಗಲೇ ಆಸ್ಪತ್ರೆಗೆ ಹೊರಡಿ. ಸಕ್ಕರೆ ಇಳಿದಿರುತ್ತೆ ಅಂತ ಹೇಳಿ. ಅಲ್ಲಿಯ ಡಾಕ್ಟರ ಜೊತೆ ನಾನು ಮಾತಾಡ್ತೀನಿ. ಉಳಿದ ಸೊಪ್ಪನ್ನ ದನಕ್ಕೆ ಹಾಕಬೇಡಿ" ಎಂದರು.

ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಅಣ್ಣ ಬಯಲಿನಿಂದ ಮಣ್ಣಿನ ಕಾಲಿನಲ್ಲೇ ಓಡಿ ಬಂದು ಮುಂದೆ ಕೂತ. ಅತ್ತಿಗೆಯ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಒಂದು ಕಡೆ ಅವರ ಕಾಲು ಅಲುಗಿತು. ಒಮ್ಮೆ ನಿಂತು ಮತ್ತೆ ಅಲುಗಿತು. ಆ ಅಲುಗಾಟವನ್ನು ನಾನು ಸೋಮವಾರ ನೋಡಿದ್ದೆ. ಅಣ್ಣನಿಗೆ ಹೇಳಲಿಲ್ಲ. ಕಾಲುಗಳ ಮೇಲೆ ಕೈಯಿಟ್ಟು ಒತ್ತಿ ಹಿಡಿದುಕೊಂಡೆ. ಅದೇ ಹೊತ್ತಿಗೆ ನನ್ನ ನಾಲಿಗೆ ದಪ್ಪವಾದಂತೆ, ಕೈ ಬೆರಳು ಜುಮುಗುಟ್ಟಿದಂತೆ ಅನ್ನಿಸತೊಡಗಿತು. ಅರ್ಧ ಮುದ್ದೆ. ಎಷ್ಟು ಸಾರು ಅದ್ದಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅದು ವಿಷವೋ ಭಯವೋ ತಿಳಿಯುವ ದಾರಿ ಇರಲಿಲ್ಲ.

ನಂಜನಗೂಡಿನ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಂದರು. ಡ್ಯೂಟಿಯಲ್ಲಿದ್ದ ಡಾಕ್ಟರು ಕಣ್ಣಿಗೆ ಟಾರ್ಚ್ ಹಿಡಿಯುತ್ತಲೇ ಕೇಳಿದರು: "ಔಷಧಿ ಏನಾದ್ರೂ ಕುಡಿದಿದಾರಾ? ಬೆಳೆಗೆ ಹೊಡೆಯೋದು?"

"ಅವಳ್ಯಾಕೆ ಕುಡೀತಾಳೆ ಸಾ?" ಎಂದ ಅಣ್ಣ.

"ಮನೇಲಿ ಜಗಳ, ಬೇಜಾರು ಏನಾದ್ರೂ?"

"ಕರ ಸತ್ತೋಯ್ತು ಸಾ ಸೋಮ್ವಾರ."

"ನೋಡಿ ಮತ್ತೆ."

"ಕರ ಸತ್ತಿದ್ಕೆ ಔಸ್ತಿ ಕುಡಿಯಂಗಿದ್ರೆ ನಮ್ಮೂರಲ್ಲಿ ಯಾರೂ ಉಳೀತಿರ್ನಿಲ್ಲ ಸಾ. ಸೊಪ್ಪು ತಿಂದವ್ಳೆ. ಸಕ್ರೆ ನೋಡಿ ಮೊದ್ಲು, ನಿಮ್ ದಮ್ಮಯ್ಯ."

ಅವರು ಕೇಳಬೇಕಾದ ಪ್ರಶ್ನೆಯೇ ಅದು. ಆ ಲಕ್ಷಣ ಕಂಡಾಗ ನಮ್ಮ ತಾಲ್ಲೂಕಿನಲ್ಲಿ ಯಾವ ಡಾಕ್ಟರಾದರೂ ಅದನ್ನೇ ಕೇಳುತ್ತಾರೆ. ನಾನು ಮೊರದಿಂದ ಕಾಗದದಲ್ಲಿ ಸುತ್ತಿ ತಂದಿದ್ದ ಬೇರುಗಳನ್ನು ಮೇಜಿನ ಮೇಲಿಟ್ಟು, ದನದ ಡಾಕ್ಟರಿಗೆ ಫೋನ್ ಮಾಡಿ ಕೊಟ್ಟೆ. ಇಬ್ಬರು ಡಾಕ್ಟರೂ ಮಾತಾಡುತ್ತಿದ್ದಾಗಲೇ ನರ್ಸ್ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಯಂತ್ರವನ್ನು ತಿರುಗಿಸಿ ಡಾಕ್ಟರಿಗೆ ತೋರಿಸಿದರು. ಆಮೇಲೆ ಯಾರೂ ನಮ್ಮನ್ನು ಏನೂ ಕೇಳಲಿಲ್ಲ, ಎಲ್ಲರ ಕೈಯೂ ಓಡತೊಡಗಿತು. ಗ್ಲೂಕೋಸ್ ಹಾಕಿದರು. ನನ್ನ ಬೆರಳಿಗೂ ಚುಚ್ಚಿದರು. ಪರವಾಗಿಲ್ಲ, ಆದರೆ ಇಲ್ಲಿಯೇ ಕೂತಿರಿ ಎಂದರು. ಅತ್ತಿಗೆಯನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಆಂಬುಲೆನ್ಸ್ ಬರುವವರೆಗೆ ಅಣ್ಣ ವರಾಂಡದಲ್ಲಿ ನಿಂತಿದ್ದ. ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದ.

"ಅವಳೊಬ್ಳೇ ಅಲ್ಲ ಕಣವ್ವ. ಎಲ್ರೂ ಮಡ್ಲು ಕಟ್ಟಿದ್ರು."

ಅವನು ಡೇರಿಯ ಕಾರ್ಯದರ್ಶಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸುತ್ತಿತ್ತು. "ಏನ್ಲಾ ಇಂಗಂತೀಯೆ, ನಮ್ಮನೇಲೂ ಒಲೆ ಮೇಲದೆ ಕಣ್ಲಾ!" ಪಾತ್ರೆ ಉರುಳಿದ ಸದ್ದು, ಯಾರನ್ನೋ ಕೂಗಿದ ಸದ್ದು ಬಂತು, ಫೋನ್ ನಿಂತಿತು. ಮೈಕಿನಲ್ಲಿ ಅವರು ಕೂಗಿದ್ದನ್ನು ಆಮೇಲೆ ಅವ್ವ ನನಗೆ ಹೇಳಿದಳು. ಒಳೆಬಯಲಿನ ಸೊಪ್ಪಿನ ಸಾರು ಯಾರೂ ಉಣ್ಣಬ್ಯಾಡಿ, ಉಂಡಿದ್ದರೆ ಡೇರಿ ತಾವ್ಕೆ ಬನ್ನಿ. ಅದನ್ನೇ ಮತ್ತೆ ಮತ್ತೆ ಕೂಗಿದರಂತೆ. ಹೆಂಗಸರು ಪಾತ್ರೆಗಳನ್ನು ಹಿಡಿದುಕೊಂಡೇ ಬೀದಿಗೆ ಬಂದರಂತೆ. ಎಲ್ಲಿ ಸುರಿಯುವುದು ಎಂದು ಯಾರಿಗೂ ಗೊತ್ತಾಗಲಿಲ್ಲವಂತೆ. ಚರಂಡಿಗೆ ಸುರಿದರೆ ಕೋಳಿ, ತಿಪ್ಪೆಗೆ ಸುರಿದರೆ ದನ. ಕಡೆಗೆ ಗಂಡಸರು ಬಯಲಿನ ಗುಂಡಿಯನ್ನೇ ಮತ್ತೆ ತೋಡಿ ಎಲ್ಲವನ್ನೂ ಅಲ್ಲಿಗೆ ಹಾಕಿದರು. ಉಂಡಿದ್ದ ಕೆಲವರನ್ನು ಗೂಡ್ಸ್ ಆಟೋದಲ್ಲಿ ನಂಜನಗೂಡಿಗೆ ಕರೆತಂದರು. ಬೆಳಗಾಗುವವರೆಗೆ ಇರಿಸಿಕೊಂಡು ನೋಡಿ ವಾಪಸ್ ಕಳಿಸಿದರು. ಅವರ ಮಡಿಲಿನಲ್ಲಿ ಎರಡೆಲೆ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಮೈಸೂರಿನಲ್ಲಿ ಅತ್ತಿಗೆಗೆ ಎಚ್ಚರ ಬಂದದ್ದು ಶನಿವಾರ. ಕಣ್ಣು ಹಳದಿಯಾಗಿತ್ತು. ಲಿವರ್‌ಗೆ ಪೆಟ್ಟು ಬಿದ್ದಿದೆ, ಈಗಲೇ ಏನೂ ಹೇಳಲಾಗದು ಎಂದು ಡಾಕ್ಟರು ಅಂದರು. ಅತ್ತಿಗೆ ಅಣ್ಣನನ್ನು ಗುರುತಿಸಿದರು. ಕರು ಸತ್ತದ್ದು ಅವರಿಗೆ ನೆನಪಿತ್ತು. ಗುರುವಾರ ಬಯಲಿಗೆ ಹೋದದ್ದು ನೆನಪಿರಲಿಲ್ಲ. ಅಣ್ಣ ಹೇಳಿದ. ಕೇಳಿಸಿಕೊಂಡು, "ಅತ್ತೆ ಉಂಡ್ರಾ?" ಎಂದರು. ಇಲ್ಲ ಎಂದೆವು. "ನೀನು?" ಎಂದು ನನ್ನನ್ನು ಕೇಳಿದರು. ಸಾರು ಸ್ವಲ್ಪ, ಏನೂ ಆಗಿಲ್ಲ ಎಂದೆ. ನನ್ನ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆ ಕೈ ಆಗಲೂ ತಣ್ಣಗೇ ಇತ್ತು.

ಗೌರಿಹಬ್ಬ ಆಸ್ಪತ್ರೆಯಲ್ಲೇ ಕಳೆಯಿತು. ಅತ್ತಿಗೆಯ ಅಣ್ಣ ಬಾಗಿನವನ್ನು ವಾರ್ಡಿಗೇ ತಂದುಕೊಟ್ಟರು. ಕಣ್ಣಿನ ಹಳದಿ ಇಳಿದ ಮೇಲೆ ಮನೆಗೆ ಕಳಿಸಿದರು. ಭಾರ ಎತ್ತಬಾರದು, ಬಿಸಿಲಿಗೆ ಹೋಗಬಾರದು, ಎಣ್ಣೆ ಪದಾರ್ಥ ತಿನ್ನಬಾರದು. ಸೊಪ್ಪು ತಿನ್ನಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ಆದರೂ ಮನೆಗೆ ಸೊಪ್ಪು ಬಂದಿಲ್ಲ. ಸಂತೆಯ ದಂಟಿನ ಸೊಪ್ಪನ್ನು ಕೂಡ ಅವ್ವ ಕೈಯಲ್ಲಿ ಹಿಡಿದು, ತಿರುಗಿಸಿ, ಕೆಳಗಿಟ್ಟಳು.

ಬಯಲಿನ ಕೆಲಸ ನಿಲ್ಲಲಿಲ್ಲ. ಡಾಕ್ಟರು ಮತ್ತೆ ಬಂದು ಎರಡೆಲೆಯನ್ನು ಕಿತ್ತು ಊರಿನವರ ಅಂಗೈಗೆ ಒಂದೊಂದು ಕೊಟ್ಟರು. ಮುಟ್ಟಿ ನೋಡಿ ಎಲ್ಲರೂ ಕೈ ತೊಳೆದರು. ಮೂರನೆಯ ಎಲೆ ಒರಟಾಗಿ ಬಂದ ಮೇಲೆ ವಿಷ ಇಳಿಯುತ್ತಾ ಹೋಗುತ್ತದೆ, ಆದರೆ ಆಗಲೂ ನಂಬಿ ದನ ಬಿಡಬೇಡಿ, ಕಾಯಿ ಕಟ್ಟುವ ಮೊದಲು ಕೀಳಲೇಬೇಕು ಎಂದು ಹೇಳಿದರು. ಗೌರಿಹಬ್ಬ ಕಳೆದ ಮೇಲೆ ಒಮ್ಮೆ, ನವರಾತ್ರಿಯ ಮುಂಚೆ ಒಮ್ಮೆ ಕಿತ್ತರು. ಗಂಡಸರೂ ಬಗ್ಗಿದರು. ಬಯಲಿನಿಂದ ಬರುವವರು ಏರಿಯ ಮೇಲೆ ನಿಂತು ಸೀರೆ, ಪಂಚೆ, ಚಪ್ಪಲಿ ಒದರಿ, ಅಂಟಿದ ಕಾಯಿಗಳನ್ನು ಡಬ್ಬಕ್ಕೆ ಹಾಕಿ ಸುಡುತ್ತಾರೆ. ಮಡಿಲು ಯಾರೂ ಕಟ್ಟುವುದಿಲ್ಲ. ಎರಡನೆಯ ಸಲ ಒಬ್ಬಾಕೆ ಮರೆತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಕ್ಕದವಳು ಅದನ್ನು ಎಳೆದು ಬಿಡಿಸಿದಳು.

ಹಿಂಗಾರಿನ ಮಳೆ ಬಿದ್ದ ಮೇಲೆ ನಾವು ಕಿತ್ತು ಬರಿದು ಮಾಡಿದ ಜಾಗದಲ್ಲೇ ಎರಡೆಲೆ ಮತ್ತೆ ಎದ್ದಿತು. ಒಂದು ಕಾಯಿಯಲ್ಲಿ ಎರಡು ಬೀಜ ಇರುತ್ತವೆ, ಒಂದು ಈಗ ಹುಟ್ಟಿದರೆ ಇನ್ನೊಂದು ಮಣ್ಣಿನಲ್ಲಿ ಕಾಯುತ್ತದೆ, ಕೆಲವು ಸಲ ವರ್ಷಗಟ್ಟಲೆ ಎಂದು ಡಾಕ್ಟರು ವಿವರಿಸಿದರು. ಅಣ್ಣ ಇದನ್ನು ಅತ್ತಿಗೆಗೆ ಹೇಳಿರಲಿಲ್ಲ. ಬೇರೆ ಯಾರೋ ಹೇಳಿದರು. ಅಂದಿನಿಂದ ಅತ್ತಿಗೆ ಕೊಟ್ಟಿಗೆಯ ಬಾಗಿಲ ಅಗುಳಿಯನ್ನು ಹಗಲಿನಲ್ಲೂ ಹಾಕಿಸುತ್ತಾರೆ. ಕೊಟ್ಟಿಗೆಯಲ್ಲಿ ಈಗ ಇರುವುದು ಸತ್ತ ಕರುವಿನ ತಾಯಿ. ಅದು ಮತ್ತೆ ಗಬ್ಬವಾಗಿದೆ.

ಕಳೆದ ಸೋಮವಾರ ಅತ್ತಿಗೆಯನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಒಂದು ಅಂಶ ಇನ್ನೂ ಹೆಚ್ಚಿದೆ, ಹೋದ ಸಲ ಬಂದಷ್ಟೇ ಈ ಸಲವೂ ಬಂದಿದೆ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಂದು ತೋರಿಸಬೇಕೆಂದು ಡಾಕ್ಟರು ಹೇಳಿದ್ದಾರೆ.